ಐದು ನಿಮಿಷ

ಸೂಜಿ ಇಲ್ಲ ಎಂದೆ. ನಂಬಲಿಲ್ಲ ಸೆನೋಬಿಯೋ ಅತಚಾಗ್ವಾ.
ಎಪ್ಪತ್ತೊಂದರ ಮುದುಕ, ಕೈ ಕಂಕುಳಲ್ಲಿ ಬಚ್ಚಿಟ್ಟುಕೊಂಡ
ಅಂಗಡಿಯವ ಗಲ್ಲಾಪೆಟ್ಟಿಗೆ ಮುಚ್ಚಿದ ಹಾಗೆ.
"ನಲವತ್ತು ವರ್ಷದಿಂದ ಬರುತ್ತೀರಿ ನೀವು
ಕೆಳಗಿನ ಊರುಗಳಿಂದ, ಮೂಗಲ್ಲಿ ನೆತ್ತರು ಸುರಿಸಿಕೊಂಡು.
ಮೆಟ್ಟಿಲ ಮೇಲೆ ಕೂತು ಏದುಸಿರು ಬಿಟ್ಟು
ಆಮೇಲೆ ನಮ್ಮ ರಕ್ತ ಕೇಳುತ್ತೀರಿ.
ಕಾಕಂಬಿಯ ಹಾಗೆ ದಪ್ಪ ಅನ್ನುತ್ತೀರಿ.
ಶೀಶೆಗಳೇನೋ ಲೀಮಾಕ್ಕೆ ಹೋದವು. ಉತ್ತರ ಬರಲಿಲ್ಲ."

ನಾನು ಕೆಳಗಿನವಳಲ್ಲ, ಇದೇ ಸೆರ್ರೊ ದೆ ಪಾಸ್ಕೊದವಳು,
ಈ ಗಣಿಗುಂಡಿಯ ಅಂಚಿನಲ್ಲೇ ಶಾಲೆಗೆ ನಡೆದವಳು ಎಂದೆ.
"ಯಾರ ಮಗಳು?"
ವಾರಂಗಾ ಎಲೆಕ್ಟ್ರಿಷಿಯನ್ನನ ಮಗಳು, ನಿಲ್ಡಾ.
ಎಡಗೈ ಮೇಜಿನ ಮೇಲೆ ಬಂತು.

ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ. ಮುಂಗೈಗೆ ಒತ್ತಿ ಕಟ್ಟಿದೆ.
ಅದರಿಂದ ಬೆಳಕು ಹೊರಡುತ್ತದೆ, ಕಣ್ಣಿಗೆ ಕಾಣದ್ದು.
ಚರ್ಮ ದಾಟಿ, ಕೊಬ್ಬು ದಾಟಿ, ಸ್ನಾಯುವಿನೊಳಗೆ ಅಲೆದು
ಎರಡು ಬೆರಳಿನಾಚೆ ಮೇಲೆ ಬರುತ್ತದೆ, ಸೊರಗಿ.
ಎಷ್ಟು ಸೊರಗಿತು ಎಂಬುದೇ ಲೆಕ್ಕ:
ಉಸಿರು ಹೊತ್ತ ರಕ್ತದ ಬಣ್ಣ ಬೇರೆ, ಉಸಿರಿಳಿಸಿದ್ದರ ಬಣ್ಣ ಬೇರೆ.
"ಏನು ತೆಗೆದುಕೊಳ್ಳುತ್ತದೆ?"
ಏನೂ ಇಲ್ಲ.
"ಹಾಗಾದರೆ ಈ ಊರಿಗೆ ಅಂಥದ್ದು ಬಂದದ್ದು ಇದೇ ಮೊದಲು."

ಇನ್ನು ರಟ್ಟೆಗೆ ಪಟ್ಟಿ. ಗಾಳಿ ತುಂಬಿ ಬಿಗಿಯುತ್ತೇನೆ, ಐದು ನಿಮಿಷ.
ರಕ್ತ ಒಳಗೆ ಬಾರದು, ಹೊರಗೆ ಹೋಗದು.
ತಾತ, ಬಾಗಿಲು ಹಾಕಿದ ಮನೆ ಅಂದುಕೊಳ್ಳಿ,
ಒಳಗಿದ್ದವರು ಇದ್ದದ್ದನ್ನೇ ಉಣ್ಣಬೇಕು.
ಎಷ್ಟು ಬೇಗ ತೀರಿತು ನೋಡಿದರೆ ಹಸಿವೆಷ್ಟೆಂದು ಗೊತ್ತಾಗುತ್ತದೆ.

ನನ್ನನ್ನು ನೋಡಿದ, ಬಹಳ ಹೊತ್ತು.

ತೆರೆಯ ಮೇಲೆ ಕೆಂಪು ಗೆರೆ ಇಳಿಯತೊಡಗಿತು.
ಹೊರಗೆ ಆಲಿಕಲ್ಲು, ತಗಡಿನ ಮೇಲೆ ಜೋಳ ಹುರಿದ ಸದ್ದು.
"ಏಳು ಜನ ಇದ್ದೆವು," ಎಂದ, ಗೋಡೆಗೆ ಹೇಳುವವನಂತೆ.
"ಹಿಂದಿನಿಂದ ಕುಸಿದು ಮುಚ್ಚಿತು. ಕಾರ್ಬೈಡ್ ದೀಪ ಆರಿಸಿಬಿಟ್ಟೆವು,
ಅದೂ ಉಣ್ಣುತ್ತದಲ್ಲ.
ಮಾತು ಬೇಡ ಅಂದ ಮೇಸ್ತ್ರಿ. ಅಳು ಬೇಡ. ಮಲಗಿ.
ಮೆಲಾನ್ಯೋಗೆ ಹದಿನೆಂಟು. ಬಾಯಿಬಡುಕ.
ಅವತ್ತು ಎಲ್ಲರಿಗಿಂತ ಮೆತ್ತಗೆ ಉಸಿರಾಡಿದ.
ಪಕ್ಕದಲ್ಲೇ ಇದ್ದೆ ನಾನು, ಕಿವಿಗೊಟ್ಟು ಎಣಿಸುತ್ತ.
ಎಷ್ಟು ಜಾಣ, ಎಷ್ಟು ಕಡಿಮೆ ಉಣ್ಣುತ್ತಾನೆ ಅಂದುಕೊಂಡೆ.
ಅಂದುಕೊಳ್ಳುತ್ತಲೇ ಇದ್ದೆ."

ನಾಲ್ಕು ನಿಮಿಷ. ಬೆರಳು ನೀಲಿಗಟ್ಟಿದ್ದವು. ಬಿಚ್ಚಲೇ?
"ಪೂರ್ತಿ ಆಗಲಿ."

ಬಿಟ್ಟೆ. ಪಟ್ಟಿ ಉಸ್ಸೆಂದಿತು.
ಗೆರೆ ಚಂಗನೆ ಎದ್ದು, ಮೊದಲಿದ್ದ ಮಟ್ಟ ಮೀರಿ, ಇನ್ನೂ ಮೇಲಕ್ಕೆ,
ಬರಗೆಟ್ಟವರು ಬಾಚಿಕೊಂಡ ಹಾಗೆ,
ಆಮೇಲೆ ನಿಧಾನಕ್ಕೆ ತನ್ನ ಜಾಗಕ್ಕೆ.
ತೆರೆಗೆ ಬೆರಳಿಟ್ಟ. "ಹೌದು. ಹಾರೆಯ ಮೂತಿ ತೂರಿ ಬಂದಾಗ
ಹೀಗೇ. ಆರೂ ಜನ.
ನಾಚಿಕೆಯೇ ಇಲ್ಲದೆ."

ಇಳಿಜಾರಿನ ಅಂಕಿ ಬರೆದುಕೊಂಡೆ. ವಯಸ್ಸು, ತೂಕ.
ಷರಾ ಎಂಬ ಖಾನೆಯ ಮುಂದೆ ಪೆನ್ನು ನಿಂತಿತ್ತು.
ಜೋಮು ಹಿಡಿದ ಕೈಯಲ್ಲಿ ಗುಂಡಿ ಹಾಕಲು ಒದ್ದಾಡುತ್ತ
ಅವನು ಕೇಳಿದ:
"ಇನ್ನೊಂದು ಕೈ ಬೇಡವೇ?"