ಭಟ್ಟಿ ಓಣಿಯ ಗಾಳಿ

ಗುಜರಿಯ ನವಾಜ್ ಅದನ್ನು ತೂಕಕ್ಕೆ ಹಾಕಿದ್ದ,
ಎರಡೂಮುಕ್ಕಾಲು ಕಿಲೋ, ಚಾರ್ಜರು ಸೇರಿ.
ಒಂದು ಗುಂಡಿ ಕಿತ್ತುಹೋಗಿತ್ತು, ಬುಡದ ರಬ್ಬರು ಒತ್ತಿದರೆ ಬರುತ್ತಿತ್ತು.
ಫ್ಯಾನು ತಿರುಗಿದಾಗ ಯಾರದೋ ಮನೆಯ ಧೂಳು ಎದ್ದು
ನಮ್ಮ ಭಟ್ಟಿಯ ಹೊಟ್ಟಿನ ಪರಿಚಯ ಮಾಡಿಕೊಂಡಿತು.

ವಿಂಡೋಸ್ ಹಾಕಿದರೆ ಏದುಸಿರು,
ಚೀಲ ಹೊತ್ತ ಮುದಿ ಹಮಾಲನ ಹಾಗೆ.
ಅದಕ್ಕೇ ಈ ನೆಟ್‌ಬಿಎಸ್‌ಡಿ. ಹೆಸರು ಕೇಳಿ
ಅಣ್ಣ ಮೆಹಬೂಬ, "ಅದೇನು, ಗದ್ದೆಗೆ ಹೊಡೆಯೋ ಔಷಧಿನಾ?" ಅಂದ.
ಕಪ್ಪು ಪರದೆ, ಬಿಳಿ ಅಕ್ಷರ, ಸ್ಲೇಟಿನಂತೆ. ನನಗೆ ಹಿಡಿಸಿತು.
ಲೆಕ್ಕಕ್ಕೆ ಅಷ್ಟು ಸಾಕು: ಭತ್ತ ಎಷ್ಟು ಚೀಲ, ಉಪ್ಪು ಎಷ್ಟು,
ಹರಿಹರಕ್ಕೆ ಹೋದದ್ದೆಷ್ಟು, ರಾಣೆಬೆನ್ನೂರಿನ ಬಾಕಿ ಎಷ್ಟು.
ನೆಟ್ ಮಾತ್ರ ಇಲ್ಲ.

ವೈರ್‌ಲೆಸ್ ಕಾರ್ಡು ಕಂಡಿದೆ ಅನ್ನುತ್ತದೆ,
ಫರ್ಮ್‌ವೇರ್ ಕೊಡು ಅನ್ನುತ್ತದೆ,
ಅದೆಲ್ಲಿದೆ ಅಂದರೆ ನೆಟ್ಟಿನಲ್ಲಿದೆ ಅನ್ನುತ್ತದೆ.
ದುರುಗವ್ವ ಒಲೆಗೆ ಹೊಟ್ಟು ಎರಚುತ್ತಲೇ ಕೇಳಿಸಿಕೊಂಡಳು:
"ಹುಚ್ಚು ಬಿಡೋತನಕ ಮದುವಿ ಆಗಂಗಿಲ್ಲ,
ಮದುವಿ ಆಗೋತನಕ ಹುಚ್ಚು ಬಿಡಂಗಿಲ್ಲ.
ನನ್ನ ತಮ್ಮಂದೂ ಹಿಂಗೇ ಆಗಿತ್ತು ಖೈರೂ."
ಆಮೇಲೆ?
"ಯಾರೋ ನಡುವೆ ಬಂದ್ರು."

ನಡುವೆ ಬಂದದ್ದು ನಾಲ್ಕು ಜಿಬಿಯ ಪೆನ್‌ಡ್ರೈವು.
ತಳದ ಸ್ಕ್ರೂ ಬಿಚ್ಚಿ, ಅಕ್ಕಿ ಆರಿಸುವ ಕಣ್ಣಲ್ಲಿ
ಚಿಪ್ಪಿನ ಮೇಲಿನ ನಂಬರು ಓದಿ
ಬಿಲ್ಲಿನ ಹಿಂದೆ ಬರೆದುಕೊಂಡು
ಅರಳಿಮರ ಸರ್ಕಲ್ಲಿನ ಝೆರಾಕ್ಸ್ ಅಂಗಡಿಗೆ ನಡೆದೆ.
ತಂದೆ. ಬೇಡವೆಂದಿತು. ಮೂರನ್ನು ಎಂಟು ಅಂತ ಓದಿದ್ದೆ.
ಮತ್ತೆ ನಡೆದೆ, ಅಂಗಡಿ ಮುಚ್ಚಿತ್ತು.

ಮೂರನೇ ದಿನ ರಾತ್ರಿ
ಗಾಳಿಯಲ್ಲಿ ಯಾರ್ಯಾರಿದ್ದಾರೆ ನೋಡು ಅಂತ ಅದಕ್ಕೆ ಹೇಳಿದೆ.
ಒಂದು ಗಳಿಗೆ ಏನಿಲ್ಲ. ಆಮೇಲೆ ಕಾದ ಮರಳಲ್ಲಿ
ಮೊದಲ ಕಾಳು ಸಿಡಿದ ಹಾಗೆ ಒಂದು ಹೆಸರು,
ಆಮೇಲೆ ನಾಲ್ಕು, ಆಮೇಲೆ ಬಾಣಲೆ ತುಂಬ:
ಬಿಸ್ಮಿಲ್ಲಾ ಟೀ. ಚನ್ನಬಸಪ್ಪ ಮೇಲ್ಮನೆ.
ಕೈ ಹಚ್ಚಬ್ಯಾಡ. ಲಕ್ಕಿ ಟೈಲರ್ ಎರಡು.
(ಒಂದು ಎಲ್ಲಿ ಹೋಯಿತೋ.)
ಹೆಸರು ಮುಚ್ಚಿಟ್ಟವರು ಮೂವರು.
ಇವರೆಲ್ಲ ಇಷ್ಟು ವರ್ಷ ಈ ತಗಡಿನ ಸಂದಿಯಲ್ಲಿ ತೂರಿ
ನನ್ನ ತಲೆಯ ಮೇಲೇ ಓಡಾಡಿಕೊಂಡಿದ್ದರು,
ಒಂದು ಕೆಮ್ಮೂ ಇಲ್ಲದೆ.

ಎಲ್ಲಕ್ಕಿಂತ ಜೋರು ಕೊಟ್ರಮ್ಮ ಟೀಚರದು. ಗೋಡೆಯಾಚೆ.
ಎರಡು ವರ್ಷದಿಂದ ಮಾತಿಲ್ಲ:
ಅವರ ಬಿಳಿ ಸೀರೆ, ನಮ್ಮ ಮಸಿ, ಪಾಲಿಕೆಗೆ ಅರ್ಜಿ.
ನಸುಕಿಗೆ ನಲ್ಲಿ ಬಂದಾಗ ಬೀದಿಯಲ್ಲಿ ಇಬ್ಬರೇ ಇದ್ದೆವು.
ಕೇಳಿಬಿಟ್ಟೆ.
ಕೊಡ ತುಂಬುವವರೆಗೆ ಅವರು ಮಾತಾಡಲಿಲ್ಲ.
ಆಮೇಲೆ ಇಂಗ್ಲಿಷ್ ಅಕ್ಷರ ಒಂದೊಂದಾಗಿ,
ಉಕ್ತಲೇಖನದ ದನಿಯಲ್ಲಿ.
ಅಂಗೈ ಮೇಲೆ ಬರೆದು ಕೂಡಿಸಿ ಓದಿದೆ: ಹೊಗೆಬೇಡ.
ಕೊನೆಗೆ ನಮ್ಮ ಮನೆಯ ನಂಬರು.
ನಾನು ನಗಲಿಲ್ಲ. ಗೇಟಿನ ಹತ್ತಿರ ಹೋಗಿ
ಅವರು ನಕ್ಕರು ಅನ್ನಿಸಿತು; ಕತ್ತಲಿತ್ತು.

ಒಳಗಿನ ಬ್ಯಾಟರಿ ಸತ್ತ ಯಂತ್ರಕ್ಕೆ ಯಾವಾಗಲೂ
ಎರಡು ಸಾವಿರದ ಏಳು, ಜನವರಿ ಒಂದು.
ಕೂಡಿಕೊಂಡೊಡನೆ ದೂರದ ಯಾರನ್ನೋ ಹೊತ್ತು ಕೇಳಿ
ಅಷ್ಟೂ ವರ್ಷ ಒಂದೇ ನೆಗೆತಕ್ಕೆ ದಾಟಿ
ನಮ್ಮ ನಸುಕಿಗೆ ಬಂದು ನಿಂತಿತು:
ನಾಲ್ಕು ಗಂಟೆ ಹನ್ನೊಂದು ನಿಮಿಷ.

ಭಟ್ಟಿ ಹೊತ್ತಿಸುವ ಹೊತ್ತು ಮೀರಿತ್ತು.
ದುರುಗವ್ವ ಹೊರಗೆ ಚಪ್ಪಲಿ ಬಿಟ್ಟ ಸದ್ದು.
ಗಾಳಿ ಯಾವ ಕಡೆಗಿದೆ ನೋಡಿದೆ,
ಟೀಚರ ಮನೆ ಕಡೆಯ ತಗಡು ಎಳೆದು ಮುಚ್ಚಿ
ಬೆಂಕಿ ಹಾಕಿದೆ.