ಕಾಲುವೆಯ ಮೇಲುಗಡೆ

ಕಾಲುವೆಯ ಕೆಳಗಿನ ಹೊಲ ಬೇಡವೆಂದೆ.
ಅಲ್ಲಿ ಎಕರೆಗೆ ಹೇಳುವ ರೇಟಿಗೆ
ನನ್ನ ಪಿಎಫ್ಫು, ಗ್ರ್ಯಾಚುಟಿ, ಅಮರಮ್ಮನ ಬೋರಮಾಳ
ಮೂರೂ ಕೂಡಿ ಬದುವಿನ ತನಕ ಹೋಗಿ ನಿಲ್ಲುತ್ತವೆ.

"ಮ್ಯಾಲಿಂದು ತೋರಸ್ತೀನಿ ಬರ್ರಿ," ಎಂದ ಮೌಲಪ್ಪ.
ಲಿಂಗಸುಗೂರು ದಾಟಿ, ಡಾಂಬರು ಮುಗಿದು,
ಬೈಕಿನ ದಾರಿಯೂ ಮುಗಿದು, ನಡೆದೆವು.
ಎರೆಯಲ್ಲ, ಮಸಾರಿ. ನಡುವೆ ಬಂಡೆ,
ಮಲಗಿದ ಎಮ್ಮೆಹಿಂಡಿನಷ್ಟು.
"ಅದರ ಲೆಕ್ಕ ಹಿಡಿಯಂಗಿಲ್ರಿ, ನಾಕು ಗುಂಟಿ ಮಾಫಿ."

ದಾರಿ?
"ಗದ್ದೆಮ್ಮನ ಹೊಲದಾಗ ಹಾಯ್ದು ಹೋಗೋದು.
ಆಕಿ ಏನೂ ಅನ್ನಂಗಿಲ್ಲ."
ಆಕೆಯ ಮಗ ಏನಂತಾನೆ, ಅದು ಪಹಣಿಯಲ್ಲಿಲ್ಲ.

ನೀರು?
"ನಾನೂರು ಅಡಿಗೆ ಬೀಳ್ತದ್ರಿ."
ನಕ್ಕುಬಿಟ್ಟೆ. ನಾನೂರು ಅಡಿ!
ಹಟ್ಟಿ ಗಣಿಯ ಕೇಜಿನಲ್ಲಿ ಅಷ್ಟು ಇಳಿಯುವಷ್ಟರಲ್ಲಿ
ಅಂಗೈಯ ತಂಬಾಕು ತಿಕ್ಕಿ ಮುಗಿಯುತ್ತಿರಲಿಲ್ಲ.

ಬಂಡೆಯ ಮೇಲೆ ಕೂತು, ರೂಢಿಯಂತೆ,
ಒಂದು ಕಲ್ಲಿನಿಂದ ಬಡಿದು ಕಿವಿಗೊಟ್ಟೆ.
ಟೊಳ್ಳಿಲ್ಲ. ಬೀಳುವುದಿಲ್ಲ.
ಬೀಳುವುದಾದರೂ ಎಲ್ಲಿಗೆ?
ಮೂವತ್ತೊಂದು ವರ್ಷ ತಲೆಯ ಮೇಲಿದ್ದದ್ದು
ಈಗ ಕುಂಡಿಯ ಕೆಳಗಿತ್ತು, ಬೆಚ್ಚಗೆ.

ಅಮರಮ್ಮ ಹೆಂಟೆ ಒಡೆದು ಮೂಸಿದಳು.
"ಸೇಂಗಾ ಬರ್ತಾವು. ಆದ್ರ ಎರಡೆಕರೆ ಬ್ಯಾಡ,
ಒಂದು ಸಾಕು.
ಬೋರಮಾಳ ನನ್ನ ಕೊರಳಾಗ ಇರ್ಲಿ."

ಮೌಲಪ್ಪನ ಮುಖ ಸಣ್ಣದಾಯಿತು.
ನಾನು ಹೂಂ ಎಂದೆ.

ಮರಳುವಾಗ, ನೆರಳಿಗೊಂದು ಜಾಲಿಯೂ ಇಲ್ಲದ
ಆ ಸುಡು ಮಧ್ಯಾಹ್ನದಲ್ಲಿ,
ಕೈ ತಾನೇ ಹಣೆಗೆ ಹೋಯಿತು
ದೀಪ ಆರಿಸಲು.