ಗಾಜಿಗೆ ನೆತ್ತಿ ಕಲಿಸುವುದು

ಲುವ್ಸಾನನ ಟ್ಯಾಕ್ಸಿಗೆ ಬಲಗಡೆ ಗಾಜಿಲ್ಲ,
ಹಿಟ್ಟಿನ ಚೀಲ ಹರಿದು ಟೇಪು ಮೆತ್ತಿದ್ದಾನೆ.
ಉಲಾನ್‌ಬಾತರಿನಲ್ಲಿ ಇವತ್ತು ಮೈನಸ್ ಮೂವತ್ತೊಂದು.
ಅವನ ಒಂದು ಕಿವಿ ಬೀಟ್‌ರೂಟು, ಇನ್ನೊಂದು ಮಾಮೂಲು.

"ಒಡೆದಿಲ್ಲ ಅಕ್ಕಾ, ಬಿದ್ದಿದೆ" ಅಂದ.
ಬಾಗಿಲು ತಟ್ಟಿದರೆ ಒಳಗೆಲ್ಲೋ ಗಾಜು ಕುಲುಕಿತು
ಬಾವಿಗೆ ಬಿದ್ದ ಕೊಡದ ಹಾಗೆ.

ಒದ್‌ಗೆರೆಲ್ ಅಕ್ಕ ಬ್ಯಾಟರಿ ಕಳಚಿ
ಬಾಗಿಲ ಹೊದಿಕೆ ಕಿತ್ತಳು.
ನಾನು ಟಾರ್ಚು ಹಿಡಿದೆ. ನನಗಿಲ್ಲಿ ಮೂರನೇ ವಾರ.

"ಮೋಟಾರಿಗೆ ಎರಡೇ ತಂತಿ, ನೋಡು.
ಏರಲು ಒಂದು, ಇಳಿಯಲು ಒಂದು ಅಂದುಕೊಂಡೆಯಾ?
ಎರಡಕ್ಕೂ ಎರಡೂ ಬೇಕು.
ಗುಂಡಿ ಒತ್ತಿದರೆ ಇದರಲ್ಲಿ ಹೋಗಿ ಅದರಲ್ಲಿ ವಾಪಸು,
ಎತ್ತಿದರೆ ಅದರಲ್ಲಿ ಹೋಗಿ ಇದರಲ್ಲಿ.
ದಾರಿ ಅದೇ. ನಡಿಗೆ ತಿರುವುಮುರುವು."

ಮೋಟಾರಿನ ಮೂತಿಗೆ ತಿರುಪಿನಂಥ ಹುಳು,
ಹುಳು ಕಚ್ಚಿಕೊಂಡ ಹಲ್ಲುಚಕ್ರ.
ಹುಳು ಸುತ್ತಿದರೆ ಚಕ್ರ ಸುತ್ತುತ್ತದೆ,
ಚಕ್ರ ಜಪ್ಪಯ್ಯ ಅಂದರೂ ಹುಳು ಅಲ್ಲಾಡದು.
ಅದಕ್ಕೇ ಏರಿದ ಗಾಜನ್ನು
ಕಳ್ಳನ ಅಂಗೈ ಒತ್ತಿ ಇಳಿಸಲಾರದು.
ಬೀಗವಿಲ್ಲ, ಅಗುಳಿಯಿಲ್ಲ,
ಹಲ್ಲಿನ ಓರೆ, ಅಷ್ಟೇ.

ಹುಳು ಗಟ್ಟಿಯಿತ್ತು. ಸತ್ತದ್ದು ಉಕ್ಕಿನ ಎಳೆ:
ರಾಟೆ ಸುತ್ತಿ, ಗಾಜಿನ ಬುಡ ಹಿಡಿದೆತ್ತುವ ಎಳೆ
ಕೂದಲು ಕೂದಲಾಗಿ ಬಿಚ್ಚಿಕೊಂಡಿತ್ತು.

"ದಿನಕ್ಕೆಷ್ಟು ಸಲ ಇಳಿಸುತ್ತೀಯಪ್ಪ?"
ಜಪಾನಿನ ಹಳೇ ಕಾರು, ಸ್ಟಿಯರಿಂಗು ಬಲಕ್ಕೆ;
ನಮ್ಮೂರಲ್ಲಿ ಫುಟ್‌ಪಾತೂ ಬಲಕ್ಕೆ.
ಕೈ ಚಾಚಿ ನಿಲ್ಲಿಸಿದವರೆಲ್ಲ ಇವನ ಕಿವಿಗೇ ಬರುತ್ತಾರೆ.
ಚೌಕಾಸಿಗೆಂದು ಇಳಿಸು, ಮುನಿಸಿಗೆಂದು ಏರಿಸು,
"ಸರಿ, ಹತ್ತು" ಅನ್ನಲು ಮತ್ತೆ ಇಳಿಸು.
ಲುವ್ಸಾನ ಬೆರಳು ಮಡಚುತ್ತ ಹೋದ,
ಎಣಿಕೆ ತಪ್ಪಿ, ನಕ್ಕ.

ಹೊಸ ಎಳೆ ಹಾಕಿದೆವು, ರಬ್ಬರು ಕಾಲುವೆಯ ಮಂಜು ಹೆರೆದೆವು,
ಬ್ಯಾಟರಿ ಕೊಟ್ಟೆವು.
ಗಾಜು ಏರಿತು. ಕೈ ಬಿಟ್ಟಲ್ಲೇ ನಿಂತಿತು.
"ಕರೆಂಟು ಹೋಗಿತ್ತಲ್ಲ,
ತನ್ನ ನೆತ್ತಿ ಎಲ್ಲಿ ಅಂತ ಮರೆತಿದೆ. ಕಲಿಸು."

ಗುಂಡಿ ಎತ್ತಿ ಹಿಡಿದೆ. ಗಾಜು ಚೌಕಟ್ಟಿಗೆ
ತಲೆಯೂರಿದ ಮೇಲೂ ಬಿಡಲಿಲ್ಲ, ಒಂದು, ಎರಡು...
ಒಳಗೆ ಯಾವನೋ ಪುಟ್ಟ ಲೆಕ್ಕಿಗ
'ಇಷ್ಟು ಸುತ್ತು, ಅದರಾಚೆ ದಾರಿಯಿಲ್ಲ'
ಅಂತ ಬರೆದುಕೊಂಡಿರಬೇಕು.

ಕೊನೆಯ ಪರೀಕ್ಷೆ. ಅಕ್ಕ ತನ್ನ ಬುತ್ತಿಯಿಂದ
ಹೆಪ್ಪುಗಟ್ಟಿ ಕಲ್ಲಾದ ಬೂಜ್ ಒಂದನ್ನು,
ನೆರಿಗೆ ಹಿಡಿದ ಕುರಿಮಾಂಸದ ಕಡುಬನ್ನು,
ಕಿಂಡಿಗಿಟ್ಟಳು. "ಯಾರದೋ ಬೆರಳು ಅಂದುಕೋ."

ಗಾಜು ಏರಿತು. ತಾಗಿತು.
ಸುತ್ತು ತಡೆದದ್ದು ಲೆಕ್ಕಿಗನಿಗೆ ತಿಳಿದು
ತಂತಿಗಳ ನಡಿಗೆ ತಿರುಗಿ
ಗಾಬರಿಬಿದ್ದು ಒಂದು ಗೇಣು ಕೆಳಗಿಳಿಯಿತು.

ಕಡುಬಿನ ಮೇಲೆ ಉಗುರು ಗೀರಿದಷ್ಟೇ ಗೆರೆ.
ಅಕ್ಕ ಅದನ್ನು ಒಲೆಯ ಹಬೆಗಿಟ್ಟಳು.

ಲುವ್ಸಾನ ಒಳಗೆ ಕೂತ. ಗಾಜು ಪೂರ್ತಿ ಏರಿಸಿದ,
ಕೆಂಪು ಕಿವಿ ಉಜ್ಜಿಕೊಂಡ,
ಏನೋ ನೆನೆದು ಮತ್ತೆ ಇಳಿಸಿದ:
"ಅಕ್ಕಾ, ಐದು ಸಾವಿರ ಕಡಿಮೆ ಮಾಡಿಕೋ."